ತಗಡಿನ ತನಕ

ಎಂಬತ್ತೆರಡನೇ ಇಸವಿಯಲ್ಲಿ ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಬೇವಿನ ಮರದ ಕೆಳಗೆ ನಾಲ್ಕು ಬಾಡಿಗೆ ಕಾರುಗಳು ನಿಲ್ಲುತ್ತಿದ್ದವು. ನಾಲ್ಕೂ ಅಂಬಾಸಿಡರ್. ಮೂರು ಹೋಗಿ ಬಂದು ಮಾಡುತ್ತಿದ್ದವು, ಒಂದು ನಿಂತೇ ಇರುತ್ತಿತ್ತು. ಆ ನಿಂತ ಕಾರು ಹುಲುಗಪ್ಪನದು. ನನ್ನ ಕುಶನ್ ಅಂಗಡಿ ಆ ಮರದಿಂದ ಹತ್ತು ಹೆಜ್ಜೆ. ಲಾರಿ, ಸ್ಕೂಟರುಗಳ ಸೀಟು ಹೊಲಿಯುತ್ತ ಕೂತವನಿಗೆ ಎದುರಿನದೆಲ್ಲ ಕಾಣುತ್ತದೆ, ನೋಡುವ ಮನಸ್ಸಿಲ್ಲದಿದ್ದರೂ ಕಾಣುತ್ತದೆ. ಹುಲುಗಪ್ಪನ ಬಗ್ಗೆ ಬರೆಯಲು ನನಗಿರುವ ಅಧಿಕಾರ ಇಷ್ಟೇ. ಅದರ ಜೊತೆಗೆ ನಾನು ಆಡಿದ ಒಂದು ಸುಳ್ಳೂ ಇದೆ. ಅದು ಬರುವಲ್ಲಿ ಬರುತ್ತದೆ, ಮುಚ್ಚಿಡುವುದಿಲ್ಲ.

ಹುಲುಗಪ್ಪ ಹದಿನೆಂಟು ವರ್ಷ ಸಂಡೂರಿನ ಕಡೆ ಅದಿರಿನ ಲಾರಿ ಓಡಿಸಿದವನು. ಬೆನ್ನುಮೂಳೆ ಸವೆದು, ಇನ್ನು ಲಾರಿ ಹತ್ತಿದರೆ ಹಾಸಿಗೆ ಹಿಡಿಯುತ್ತೀ ಎಂದು ಡಾಕ್ಟರು ಹೇಳಿದ ಮೇಲೆ, ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ತಿಳಿನೀಲಿ ಕಾರನ್ನು ಕೊಂಡ. ಇದ್ದ ಒಂದೆಕರೆ ಅದಕ್ಕೇ ಹೋಯಿತು. ಆಳು ಗಿಡ್ಡ, ದನಿ ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲಿ. ಯಾರಾದರೂ ಕಾರಿನ ಬಾಗಿಲನ್ನು ಜೋರಾಗಿ ಹಾಕಿದರೆ, "ನಿಮ್ಮ ಮನಿ ಬಾಗಿಲಾನೂ ಹಿಂಗ ಬಡೀತೀರೇನ್ರಿ?" ಎಂದು ಕೇಳಿಯೇ ಬಿಡುತ್ತಿದ್ದ. ಕೇಳಿ ಎಷ್ಟೋ ಬಾಡಿಗೆ ಕಳೆದುಕೊಂಡ. ಆದರೂ ಮೊದಲ ಎರಡು ವರ್ಷ ಮದುವೆ ಕಾಲದಲ್ಲಿ ಅವನ ಕಾರಿಗೆ ಬಿಡುವಿರಲಿಲ್ಲ. ನಮ್ಮ ಕಡೆ ಬಾಡಿಗೆ ಕಾರಿನ ಅನ್ನ ಅಂದರೆ ಮದುವೆಯ ಅನ್ನ. ಬೇಸಿಗೆಯ ಮೂರು ತಿಂಗಳು ಮದುಮಕ್ಕಳನ್ನು ಹೊತ್ತರೆ ಉಳಿದ ಒಂಬತ್ತು ತಿಂಗಳು ಒಲೆ ಉರಿಯುತ್ತದೆ. ಕೋರ್ಟು ಕಚೇರಿಯ ಬಾಡಿಗೆಯೆಲ್ಲ ಪೆಟ್ರೋಲಿಗೇ ಸರಿ.

ಎಂಬತ್ತೊಂದರ ಕಾರ್ತೀಕ ಮಾಸದಲ್ಲಿ ಅವನು ಒಂದು ನಿಶ್ಚಿತಾರ್ಥದ ಜನರನ್ನು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಗೆ ಬಿಟ್ಟು ವಾಪಸ್ಸು ಹೊರಟಿದ್ದ. ಹಾಡುಹಗಲು. ಜನ ಕಾರಿಗೆ ಅಡ್ಡ ನಿಂತರು. ಆ ಊರಿನ ಮಾಳಮ್ಮನ ಮಗಳು ಗಾದೆಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎರಡು ದಿನದಿಂದ ನೋವು, ಸೂಲಗಿತ್ತಿ ಕೈಚೆಲ್ಲಿ ಕೂತಿದ್ದಳು. ಹುಲುಗಪ್ಪ ಹಿಂದಿನ ಬಾಗಿಲು ತೆಗೆದ. ದಾರಿಯಲ್ಲಿ ತೋರಿಸಿದ ಡಾಕ್ಟರು ಬಳ್ಳಾರಿಗೇ ಒಯ್ಯಿರಿ ಅಂದರು. ಗಾದೆಮ್ಮ ತಾಯಿಗೆ ಒರಗಿ ಕೂತಿದ್ದಳು, ಎಡಗೈ ಕಿಟಕಿಯ ಹೊರಗೆ. ನೋವು ಬಂದಾಗಲೆಲ್ಲ ಆ ಕೈ ಬಾಗಿಲನ್ನು ಬಡಿಯುತ್ತಿತ್ತು. ಬಸುರಿಗೆ ಮಾಡುವ ಕುಬುಸದ ದಿನ ತೊಡಿಸಿದ ಹಸಿರು ಗಾಜಿನ ಬಳೆಗಳು ಕೈ ತುಂಬ ಇದ್ದವು. ಸಂಡೂರು ಇನ್ನೂ ಮುಂದಿರುವಾಗಲೇ ಆ ಬಡಿತ ನಿಂತಿತು. ನೋವು ಇಳಿಯಿತೇನೋ ಅಂದುಕೊಂಡೆ ಎಂದು ಹುಲುಗಪ್ಪ ನನಗೆ ಹೇಳಿದ್ದಾನೆ. ಹಾಗಂದುಕೊಂಡು ಸಮಾಧಾನದಿಂದ ಇನ್ನೂ ಎರಡು ಮೈಲಿ ಓಡಿಸಿದನಂತೆ.

ಮಗುವೂ ಉಳಿಯಲಿಲ್ಲ. ಮಾಳಮ್ಮ ಮಗಳನ್ನು ಅದೇ ಕಾರಿನಲ್ಲಿ ಊರಿಗೆ ತಂದಳು. ಬರುವಾಗ ಕಿಟಕಿಯ ಹೊರಗೆ ತಾಯಿಯ ಕೈ ಇತ್ತು. ಮಾಳಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣದು. ಬಾಗಿಲಿನ ಮೇಲೆ ಬಳೆಗಳು ಎಳೆದ ಗೀರುಗಳು ಅವಳ ಬೆರಳಿಗೆ ಸಿಕ್ಕವು. ಊರು ಬರುವಷ್ಟರಲ್ಲಿ ಅವು ಏಳು ಎಂದು ಅವಳಿಗೆ ಗೊತ್ತಾಗಿತ್ತು. ಹುಲುಗಪ್ಪ ಆ ದಿನ ಬಾಡಿಗೆ ಮುಟ್ಟಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಸಂತೆಯ ದಿನ ಮಾಳಮ್ಮ ಬಸ್ಸಿಳಿದು, ಕೇಳುತ್ತ ಕೇಳುತ್ತ ಬೇವಿನ ಮರದ ಹತ್ತಿರ ಬಂದಳು. ಹುಲುಗಪ್ಪನ ಕಾರಿನ ಎಡಗಡೆ ಹಿಂದಿನ ಬಾಗಿಲನ್ನು ಹುಡುಕಿ, ಕಿಟಕಿಯಂಚಿನಿಂದ ನಾಲ್ಕು ಬೆರಳು ಕೆಳಗೆ ಕೈಯಿಟ್ಟಳು. ಒಂದೊಂದೇ ಗೀರನ್ನು ಮೇಲಿನಿಂದ ಕೆಳಗೆ ಸವರಿದಳು.

"ಒಳಗ ಕುಂದ್ರತೀಯೇನವ್ವ?" ಎಂದು ಹುಲುಗಪ್ಪ ಕೇಳಿದ.

"ಬ್ಯಾಡಪ್ಪ. ಇಷ್ಟು ಸಾಕು."

ಆಮೇಲೆ ಪ್ರತಿ ಸಂತೆಗೂ ಬಂದಳು. ಮಗಳ ಒಂದು ಫೋಟೋ ಇರಲಿಲ್ಲ. ಸೀರೆ, ತಾಳಿ, ಕಾಲುಂಗುರವನ್ನು ಗಂಡನ ಮನೆಯವರು ಒಯ್ದಿದ್ದರು. ಗಾದೆಮ್ಮ ಎಂಬ ಹುಡುಗಿ ಈ ಭೂಮಿಯ ಮೇಲೆ ಇದ್ದಳು ಎನ್ನುವುದಕ್ಕೆ ಆ ಏಳು ಗೀರು ಬಿಟ್ಟರೆ ಬೇರೆ ಗುರುತಿಲ್ಲ. ಇದನ್ನು ಮಾಳಮ್ಮ ಬಾಯಿಬಿಟ್ಟು ಹೇಳಲಿಲ್ಲ. ನಮಗೆ ಗೊತ್ತಿತ್ತು.

ಊರಿಗೂ ಗೊತ್ತಾಯಿತು, ಅದೇ ಕಂಟಕ. ಬಾಣಂತನ ಕಾಣದೆ ಸತ್ತವಳ ಕಾರಿನಲ್ಲಿ ಮದುಮಗಳನ್ನು ಯಾರು ಕೂರಿಸುತ್ತಾರೆ? ಜನ ಮರೆಯುತ್ತಿದ್ದರೋ ಏನೋ, ಆದರೆ ಮದುವೆಗೆ ಕಾರು ಗೊತ್ತುಮಾಡಲು ಹಳ್ಳಿಯವರು ಬರುವುದೂ ಸಂತೆಯ ದಿನವೇ, ಮುದುಕಿ ಬಂದು ಬಾಗಿಲು ಸವರುವುದೂ ಸಂತೆಯ ದಿನವೇ. ಮಾಘ ಮಾಸದಲ್ಲಿ ಒಬ್ಬ ಹೆಣ್ಣಿನ ತಂದೆ ಮುಂಗಡ ಕೊಟ್ಟವನು ಅವಳನ್ನು ನೋಡಿ, ವಿಷಯ ಕೇಳಿ, ಮುಂಗಡ ವಾಪಸ್ಸು ಪಡೆದು ಪಕ್ಕದ ಕಾರು ಗೊತ್ತುಮಾಡಿದ. ಹುಲುಗಪ್ಪನಿಗೆ ಜಗಳ ಮಾಡಲು ಆಳು ಸಿಗಲಿಲ್ಲ. ಮುದುಕಿಯನ್ನು ಗದರಿಸುವುದು ಅವನಿಂದ ಆಗದು. ಸಿಟ್ಟೆಲ್ಲ ಒಳಗೇ ಕೂತು ಮನುಷ್ಯ ಒಣಗತೊಡಗಿದ. ಮನೆಯಲ್ಲಿ ಹೆಂಡತಿ ಪಕ್ಕೀರಮ್ಮ ಒಂದು ಹೊತ್ತಿನ ರೊಟ್ಟಿಯನ್ನು ಎರಡು ಹೊತ್ತಿಗೆ ಮಾಡಿದಳು.

ಹೊಸಪೇಟೆಯ ಗುಜರಿಯವನೊಬ್ಬ ಬಂದು ಕಾರನ್ನು ಸುತ್ತು ಹಾಕಿ ನೋಡಿಕೊಂಡು ಹೋದ ದಿನ ಹುಲುಗಪ್ಪ ನನ್ನ ಅಂಗಡಿಗೆ ಬಂದು ಕೂತ.

"ಲೇ ಪಾಲಾಕ್ಷ, ಈ ಬ್ಯಾಸಿಗಿ ಮದುವಿ ತಪ್ಪಿದ್ರ ಕಾರು ತೂಕಕ್ಕ ಹೋಕ್ಕೈತಿ. ನಾ ಲಾರಿ ಹತ್ತಬೇಕು. ಈ ಬೆನ್ನಿಟಗೊಂಡು ಎಷ್ಟು ದಿನ ಹತ್ತತೀನಿ?"

"ಏನು ಮಾಡಬೇಕಂತಿ?"

"ಬಣ್ಣ ಬದಲು ಮಾಡ್ತೀನಿ. ಇದು ಆ ಕಾರಲ್ಲ ಅನ್ನಂಗ ಆಗಬೇಕು."

ನನಗೆ ಒಳ್ಳೆಯ ಉಪಾಯ ಅನಿಸಿತು. ಕಾರಿನ ನಂಬರನ್ನು ಯಾರು ಓದುತ್ತಾರೆ? ಜನ ನೋಡುವುದು ಬಣ್ಣ. ನಾನು ನಮ್ಮೂರಿನ ಸುಂಕಪ್ಪನ ಹೆಸರು ಹೇಳಿದೆ. ಸುಂಕಪ್ಪ ಅಂಗಡಿ ಬೋರ್ಡು ಬರೆಯುವವನು, ಟ್ರಂಕಿಗೆ, ಚಕ್ಕಡಿಗೆ ಬಣ್ಣ ಹಚ್ಚುವವನು, ಅಗ್ಗದವನು. ಹುಲುಗಪ್ಪನನ್ನು ಅವನ ಹತ್ತಿರ ಕರೆದುಕೊಂಡು ಹೋದೆ. ಸುಂಕಪ್ಪ ಎರಡು ದಿನ ಸಾಕು ಅಂದ, ಬ್ರಷ್ಷಿನಲ್ಲೇ ಎರಡು ಕೋಟು, ಕನ್ನಡಿ ಆಗುತ್ತದೆ ಅಂದ. ಹುಲುಗಪ್ಪ ಅವನು ಅದೇ ತಾನೇ ಬಳಿದು ಒಣಗಲು ಇಟ್ಟಿದ್ದ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಸಿಲಿಗೆ ಓರೆ ಮಾಡಿ ನೋಡಿದ. ಹೊಸ ಹಸಿರಿನ ಕೆಳಗೆ ಹಳೆಯ ಕಮಲದ ಹೂವು ಉಬ್ಬಿಕೊಂಡು ಕಾಣುತ್ತಿತ್ತು. ಕಣ್ಣು ಮುಚ್ಚಿ ಸವರಿದರೂ ಕೈಗೆ ಸಿಗುವಂತಿತ್ತು.

"ಬ್ಯಾಡ," ಅಂದ ಹುಲುಗಪ್ಪ. "ಹಳೇದು ಕೈಗೆ ಸಿಗಬಾರದು."

ಅದನ್ನು ಬೇರೆಯವರು ಕೇಳಿದ್ದರೆ ಬಣ್ಣದ ಗುಣಮಟ್ಟದ ಮಾತು ಅಂದುಕೊಳ್ಳುತ್ತಿದ್ದರು. ಅವನು ಯಾರ ಕೈಯ ಬಗ್ಗೆ ಹೇಳಿದ ಎಂದು ನನಗೆ ಆಗಲೇ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ.

ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ಹಿಂದೆ ಮಕ್ತುಂ ಸಾಬರ ತಗಡಿನ ಶೆಡ್ಡು. ಐದು ತಾಲೂಕಿನಲ್ಲಿ ಕಾರಿಗೆ ಬಣ್ಣ ಹೊಡೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಮ್ಮ ಕಡೆಯ ಕೆಂಪು ಧೂಳು ಹಸಿ ಬಣ್ಣಕ್ಕೆ ಶತ್ರು. ಅದಕ್ಕೆ ಸಾಬರು ನೆಲಕ್ಕೆ ನೀರು ಚಿಮುಕಿಸಿ, ಸುತ್ತ ಒದ್ದೆ ಗೋಣಿಪರದೆ ಕಟ್ಟಿ, ಬೆಳಗಿನ ಗಾಳಿ ಏಳುವ ಮೊದಲೇ ಹೊಡೆದು ಮುಗಿಸುತ್ತಿದ್ದರು. ಗಾಳಿ ಎದ್ದರೆ ಯಾರು ಬಂದು ನಿಂತರೂ ಆ ದಿನ ಬಣ್ಣದ ಗನ್ನು ಮುಟ್ಟುತ್ತಿರಲಿಲ್ಲ. ಅವರ ಹೆಂಡತಿ ಖಾಸಿಂ ಬೀ ಶೆಡ್ಡಿನ ಪಕ್ಕದಲ್ಲೇ ಬಳೆ ಮಾರುತ್ತಿದ್ದರು.

ಸಾಬರು ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲುಗಳನ್ನು ತೆಗೆದು ಹಾಕಿ, ಉಗುರಿನಿಂದ ತಗಡನ್ನು ತಟ್ಟಿದರು.

"ನೋಡ್ರಿ ಹುಲುಗಪ್ಪಣ್ಣ, ಎರಡು ಥರ ಐತಿ. ಹಳೇದರ ಮ್ಯಾಲ ಉಜ್ಜಿ ಹೊಡಿಯೋದು ಒಂದು. ಐದು ದಿನ. ಹೊರಗ ಹೊಸಾದು ಕಾಣತೈತಿ, ಬಾಗಲಾ ತಗದ್ರ ಚೌಕಟ್ಟಿನಾಗ ಹಳೇ ನೀಲಿ ಕಾಣತೈತಿ. ಇನ್ನೊಂದು, ತಗಡಿನ ತನಕ ಕೆರದು, ಬಾಗಲಾ ಬಿಚ್ಚಿ, ರಬ್ಬರ್ ತಗದು, ಡಿಕ್ಕಿ ಒಳಗೂ ಬಾನೆಟ್ ಒಳಗೂ ಹೊಡಿಯೋದು. ಇಪ್ಪತ್ತು ದಿನ ಬೇಕು. ನಿಮಗ ಮದುವಿ ಬಾಡಿಗಿ ಅರ್ಜೆಂಟ್ ಅಂದ್ರ ಮೊದಲನೇದು ಮಾಡಸ್ರಿ. ಬಾಗಲಾ ಸಂದಿ ಯಾರು ನೋಡ್ತಾರ?"

ನಾನೂ ಅದನ್ನೇ ಅಂದೆ. ಹುಲುಗಪ್ಪ ಒಪ್ಪಲಿಲ್ಲ.

"ತಗಡಿನ ತನಕ ಕೆರೀರಿ ಸಾಬ್ರೇ. ಹಳೇದು ಒಂದು ಕಾಳಿನಷ್ಟೂ ಎಲ್ಲೂ ಉಳೀಬಾರದು."

"ಕಳುವಿನ ಗಾಡಿ ಅಲ್ಲಲ್ಲ?" ಸಾಬರು ನಕ್ಕರು. ನಗುತ್ತಲೇ ಅವರ ಕೈ ಎಡಗಡೆಯ ಹಿಂದಿನ ಬಾಗಿಲಿಗೆ ಬಂದು, ಗೀರುಗಳ ಮೇಲೆ ನಿಂತಿತು. "ಇದು ಕಲ್ಲಿಂದಲ್ಲ, ಮುಳ್ಳಿಂದೂ ಅಲ್ಲ. ಗಾಜು."

ಹುಲುಗಪ್ಪ ತಲೆ ಬಗ್ಗಿಸಿದ. ಸಾಬರು ಮತ್ತೆ ಕೇಳಲಿಲ್ಲ.

ಬಣ್ಣದ ಖರ್ಚಿಗೆ ಪಕ್ಕೀರಮ್ಮನ ಕೊರಳಿನ ಬಂಗಾರದ ಬೋರಮಾಳ ಹೋಯಿತು. ಆ ಇಪ್ಪತ್ತು ದಿನ ಹುಲುಗಪ್ಪ ಮನುಷ್ಯನಂತಿರಲಿಲ್ಲ. ದಿನಕ್ಕೊಂದು ಮದುವೆಯ ಮೆರವಣಿಗೆ ನಿಲ್ದಾಣದ ಮುಂದೆ ಹೋಗುತ್ತಿತ್ತು, ಇವನ ಜಾಗ ಖಾಲಿ ಬಿದ್ದಿತ್ತು. ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋಗಿ ಶೆಡ್ಡಿನ ಮುಂದೆ ಕೂರುತ್ತಿದ್ದ. ಕೆರೆದು ಬೋಳಾದ ಕಾರನ್ನು ನೋಡಿ ಬಂದ ದಿನ, "ಮೈಮ್ಯಾಲಿನ ಚರ್ಮ ಸುಲದಂಗ ಐತಲೇ" ಅಂದ. ಮೊದಲು ಕೆಂಪು ಆಕ್ಸೈಡು, ಆಮೇಲೆ ತಗ್ಗು ಮುಚ್ಚುವ ಲಪ್ಪ, ಆಮೇಲೆ ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜುವುದು, ಮತ್ತೆ ಲಪ್ಪ, ಮತ್ತೆ ಉಜ್ಜುವುದು. ಬೇಗ ಮುಗಿಸಿ ಎಂದು ಅಂಗಲಾಚಿದರೆ ಸಾಬರು, "ನೀವೇ ಆರಿಸಿದ್ದು" ಅನ್ನುತ್ತಿದ್ದರು. ಅಷ್ಟರಲ್ಲಿ ನಾನು ನನ್ನ ಪಾಲಿನ ಕೆಲಸ ಮಾಡಿದೆ. ಹಳೆಯ ಸೀಟಿನ ರೆಕ್ಸಿನ್ ಕಿತ್ತು, ಹೊಸ ಮರೂನ್ ಬಣ್ಣದ ಸೀಟು ಪುಕ್ಕಟೆ ಹೊಲಿದುಕೊಟ್ಟೆ. ಕಿತ್ತ ರೆಕ್ಸಿನ್ನನ್ನು ಅಂಗಡಿಯ ಹಿಂದೆ ಹಾಕಿ ಸುಟ್ಟೆ. ಗೆಳೆಯನಿಗೆ ದೊಡ್ಡ ಉಪಕಾರ ಮಾಡಿದೆ ಎಂಬ ಹಮ್ಮು ನನಗಿತ್ತು.

ಕಾರು ಬಂದಾಗ ಕೆನೆಬಣ್ಣ. ಬೇವಿನ ಮರದ ಎಲೆಗಳು ಅದರ ಬಾಗಿಲಿನಲ್ಲಿ ಒಂದೊಂದಾಗಿ ಕಾಣುತ್ತಿದ್ದವು. ಉಳಿದ ಮೂವರು ಡ್ರೈವರುಗಳು ಹೊಟ್ಟೆಕಿಚ್ಚಿನಿಂದ ಸುತ್ತು ಬಂದರು. ಮದುವೆ ಕಾಲ ಇನ್ನೂ ಒಂದೂವರೆ ತಿಂಗಳು ಉಳಿದಿತ್ತು. ಮೊದಲ ವಾರದಲ್ಲೇ ಎರಡು ಮದುವೆ ಗೊತ್ತಾದವು. ಒಂದು ಹಡಗಲಿ ಕಡೆಯದು, ಇನ್ನೊಂದು ಹರಪನಹಳ್ಳಿ ತಾಲೂಕಿನ ಬಾಗಳಿಯದು. ಹುಲುಗಪ್ಪ ತಿಂಗಳುಗಳ ಮೇಲೆ ನನ್ನ ಅಂಗಡಿಯಲ್ಲಿ ಕೂತು ಎರಡು ಕಪ್ ಚಹಾ ಕುಡಿದ.

ಆ ವಾರದ ಸಂತೆಗೆ ಮಾಳಮ್ಮ ಬಂದಳು. ಸಾಬರ ಶೆಡ್ಡಿನಲ್ಲಿ ಕಾರು ಇದ್ದಾಗ ಎರಡು ಸಲ ಬಂದು ಹೋಗಿದ್ದಳು. ರಿಪೇರಿಗೆ ಹೋಗಿದೆ ಎಂದು ಹೇಳಿ ಕಳಿಸಿದ್ದೆವು. ಈ ಸಲ ಅವಳು ಬರುವ ಹೊತ್ತಿಗೆ ಬಾಗಳಿಯ ಹೆಣ್ಣಿನ ಕಡೆಯವರು ಹುಲುಗಪ್ಪನ ಜೊತೆ ದಿಬ್ಬಣದ ಹೊತ್ತು ಮಾತಾಡುತ್ತ ನಿಂತಿದ್ದರು. ಮಾಳಮ್ಮ ಮೊದಲ ಕಾರಿನ ಬಾಗಿಲು ಸವರಿದಳು, ಮುಂದೆ ಹೋದಳು. ಎರಡನೆಯದನ್ನು ಸವರಿದಳು. ಮೂರನೆಯದು ಹುಲುಗಪ್ಪನದು. ಕಿಟಕಿಯಂಚಿನಿಂದ ನಾಲ್ಕು ಬೆರಳು ಕೆಳಗೆ ಕೈಯಿಟ್ಟಳು. ಅಂಗೈ ಸರ್ರನೆ ಜಾರಿತು. ಇನ್ನೊಂದು ಸಲ ಇಟ್ಟಳು. ಮತ್ತೆ ಜಾರಿತು.

"ಇದಲ್ಲ," ಅಂದಳು, ತನಗೆ ತಾನೇ.

ಅವಳನ್ನು ಕಂಡೊಡನೆ ಮಾತು ನಿಲ್ಲಿಸಿದ್ದ ಹುಲುಗಪ್ಪ ನಾಲ್ಕು ಅಡಿ ದೂರದಲ್ಲಿ ನಿಂತಿದ್ದ. ಬಾಯಿ ತೆರೆದರೆ ಅವಳಿಗೆ ದನಿಯ ಗುರುತು ಸಿಗುತ್ತಿತ್ತು. ಅವನು ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ನೀರಿಗೆ ಬಿದ್ದವನು ದಡದಲ್ಲಿದ್ದವನನ್ನು ಹಾಗೆ ನೋಡುತ್ತಾನೆ.

"ಹುಲುಗಪ್ಪ ಎಲ್ಲದಾನಪ್ಪ? ಅವನ ಕಾರು ಎಲ್ಲೈತಿ?" ಎಂದು ಮಾಳಮ್ಮ ಕೇಳಿದಳು.

ನಾನು ಅಂಗಡಿಯಿಂದ ಎದ್ದು ಹೋಗಿ ಅವಳ ಕೈ ಹಿಡಿದೆ. "ಕಾರು ಮಾರಿದನವ್ವ. ಹೊಸಪ್ಯಾಟಿ ಗುಜರಿಯವರು ಒಯ್ದರು. ಹುಲುಗಪ್ಪ ಲಾರಿಗೆ ಹೋಗ್ಯಾನ."

"ಗುಜರಿ ಅಂದ್ರ ಮುರದು ಹಾಕ್ತಾರೇನಪ್ಪ?" ಎಂದು ಕೇಳಿದಳು. ಹೌದು ಅಂದೆ. "ಲಗೂನ ಮುರೀತಾರೋ, ತಡಾ ಮಾಡ್ತಾರೋ?" ಎಂದು ಕೇಳಿದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆ. ಬಾಗಳಿಯವರು ಮುಂಗಡ ಕೊಟ್ಟು ಹೋಗಿದ್ದರು.

ಮರುವಾರ ಅವಳು ಬರಲಿಲ್ಲ. ಒಳ್ಳೆಯದಾಯಿತು ಅಂದುಕೊಂಡೆವು. ಅದರ ಮರುವಾರ ಹೊಸಪೇಟೆ ಬಸ್ಸಿನ ಕಂಡಕ್ಟರ್ ಜಂಬಯ್ಯ ತನ್ನ ಹರಿದ ಸೀಟು ಹೊಲಿಸಲು ಬಂದವನು ಮಾತಿಗೆ ಮಾತು ಬಂದು ಹೇಳಿದ:

"ಆ ಕಣ್ಣು ಕಾಣದ ಅಮ್ಮ ಅದಾಳಲ್ಲ, ಹೊಸಹಳ್ಳಿಯಾಕಿ, ಈಗ ಹೊಸಪ್ಯಾಟಿಗೆ ಬರ್ತಾಳ ನೋಡ್ರಿ. ನಾಕು ಸಲ ಬಂದ್ಲು. ಕಾರು ಮುರಿಯೋ ಜಾಗ ಎಲ್ಲೈತಂತ ಕೇಳ್ತಾಳ. ಮನ್ನಿ ಗುಜರಿ ತಗಡಿನಾಗ ಕೈ ಆಡಿಸಿ ಅಂಗೈ ಕೊಯ್ಕಂಡಾಳ. ಯಾರ ಮನಿ ತಾಯಿಯೋ ಏನೋ, ಹೇಳಿದ್ರ ಕೇಳಂಗಿಲ್ಲ."

ಹುಲುಗಪ್ಪ ಆಗ ನನ್ನ ಅಂಗಡಿಯಲ್ಲೇ ಇದ್ದ. ಕೈಯಲ್ಲಿದ್ದ ಚಹಾ ಹಾಗೇ ಇಟ್ಟ. ಜಂಬಯ್ಯ ಹೋದ ಮೇಲೆ ಅವನು ನನಗೆ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ಏಳಲೇ, ಹೋಗನು" ಅಂದ.

ಹೊಸಹಳ್ಳಿಯಲ್ಲಿ ಮಾಳಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬಲಗೈಗೆ ಅರಿಶಿನ ಹಚ್ಚಿದ ಬಟ್ಟೆ ಸುತ್ತಿತ್ತು. ಹುಲುಗಪ್ಪ ಮಾತಾಡಿದ ಕೂಡಲೇ ಗುರುತು ಹಿಡಿದಳು. ಅವನು ಎಲ್ಲ ಹೇಳಿದ. ಕಾರು ಮಾರಿಲ್ಲ, ಬಣ್ಣ ಬದಲು ಮಾಡಿಸಿದೆ, ಇದೇ ಆ ಕಾರು, ಬಾ, ಮುಟ್ಟಿ ನೋಡು ಎಂದು ಅವಳನ್ನು ಎಬ್ಬಿಸಿಕೊಂಡು ಬಂದ. ಅವಳು ಎಡಗೈಯಿಂದ ಬಾಗಿಲನ್ನು ಸವರಿದಳು.

"ನಿನ್ನ ದನಿ ಅದ ಐತಿ. ಕಾರು ಅದಲ್ಲ."

"ಅದ ಐತವ್ವ."

"ಹೊಸಾದು ತಗಂಡಿ, ತಪ್ಪಲ್ಲಪ್ಪ. ಮುದುಕಿಗೆ ಸಮಾಧಾನಾಗಲಂತ ಹಿಂಗ ಹೇಳ್ತಿ."

"ಅವತ್ತು ಸಂತ್ಯಾಗ ನೀ ಸವರಿದಿಯಲ್ಲ, ಇದನ್ನ. ನಾ ಅಲ್ಲೇ ಪಕ್ಕದಾಗ ನಿಂತಿದ್ದೆ. ಬಾಯಿ ಬಿಡಲಿಲ್ಲ."

"ಸುಳ್ಳಪ್ಪ," ಅಂದಳು ಮಾಳಮ್ಮ. "ನೀನು ಅಲ್ಲಿ ನಿಂತು ಸುಮ್ಮನಿರಾಂವಲ್ಲ. ನನ್ನ ಮಗಳನ್ನ ತಂದು ಇಳಿಸಿ ಬಾಡಿಗಿ ಬ್ಯಾಡ ಅಂದಾಂವ ನೀನು."

ಹುಲುಗಪ್ಪನಿಗೆ ಇದು ಹೊಡೆದದ್ದಕ್ಕಿಂತ ಹೆಚ್ಚಾಯಿತು. ಹುಚ್ಚು ಹಿಡಿದವನಂತೆ ಒಂದೊಂದೇ ಬಾಗಿಲು ತೆಗೆದ. ಚೌಕಟ್ಟಿನ ಸಂದಿಯಲ್ಲಿ ನೋಡಿದ, ಕೆನೆಬಣ್ಣ. ರಬ್ಬರಿನ ಕೆಳಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ, ಕೆನೆಬಣ್ಣ. ಡಿಕ್ಕಿಯ ಒಳಗೆ, ಬಾನೆಟ್ಟಿನ ಒಳಗೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ. ಎಲ್ಲಾದರೂ ಬೆರಳಿನಷ್ಟು ನೀಲಿ ಉಳಿದಿದ್ದರೆ ಊರಿನ ಯಾರನ್ನಾದರೂ ಕರೆದು, ನೋಡಿ ಹೇಳಿ ಎಂದು ಅವಳನ್ನು ನಂಬಿಸಬಹುದಿತ್ತು. ಒಂದು ಕಾಳಿನಷ್ಟೂ ಉಳಿದಿರಲಿಲ್ಲ. ಸುಂಕಪ್ಪನ ಬ್ರಷ್ಷಿನ ಕೆಲಸವಾಗಿದ್ದರೆ ಗೀರು ಅಲ್ಲೇ ಅಡಿಯಲ್ಲಿ ಇರುತ್ತಿತ್ತು, ಅವಳ ಬೆರಳಿಗೆ ಸಿಗುತ್ತಿತ್ತು ಎಂದು ನನಗೆ ಹೊಳೆಯಿತು. ಅವನಿಗೂ ಹೊಳೆದಿತ್ತು.

ಅಲ್ಲಿಂದ ನೇರ ಹಗರಿಬೊಮ್ಮನಹಳ್ಳಿಗೆ. ದಾರಿಯುದ್ದಕ್ಕೂ 'ಎಲ್ಲಾದರೂ ಬಿಟ್ಟಿರುತ್ತಾರೆ, ಮನುಷ್ಯರಲ್ಲವೇ, ಒಂದು ಕಡೆ ಮರೆತಿರುತ್ತಾರೆ' ಎಂದು ಅವನು ಗೊಣಗುತ್ತಲೇ ಇದ್ದ. ಮಕ್ತುಂ ಸಾಬರು ಪೂರ್ತಿ ಕೇಳಿಸಿಕೊಂಡರು. ಮೊದಲೇ ಹೇಳಿದ್ದರೆ ಆ ಬಾಗಿಲನ್ನು ಮುಟ್ಟುತ್ತಿರಲಿಲ್ಲ ಎಂದು ನಮ್ಮಿಬ್ಬರ ಮೇಲೂ ರೇಗಿದರು.

"ತಗಡಿನ ತನಕ ಕೆರೀರಿ ಅಂದ್ರಿ, ಕೆರದೆ. ಅದರ ಕೆಳಗ ಏನೂ ಇಲ್ರಿ. ನಾನು ಬಿಡೋ ಪೈಕಿ ಅಲ್ಲ."

ಹುಲುಗಪ್ಪ ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದೊಡ್ಡ ದನಿಯವನು, ಆದರೆ ದನಿಯಿಲ್ಲದೆ ಅತ್ತ.

ಸಾಬರು ಒಳಗಿದ್ದ ಹೆಂಡತಿಯನ್ನು ಕರೆದು ಉರ್ದುವಿನಲ್ಲಿ ಏನೋ ಕೇಳಿದರು. ಖಾಸಿಂ ಬೀ ಬಾಗಿಲಿಗೆ ಬಂದು ಹೌದೆಂದು ತಲೆಯಾಡಿಸಿದರು.

"ಬಣ್ಣ ಇಲ್ರಿ ಅಣ್ಣ," ಅಂದರು ಸಾಬರು. "ಆದ್ರ ಆ ಬಾಗಲಾ ಬಿಚ್ಚಿದಾಗ ಒಳಗ ಪೊಳ್ಳಿನಾಗ ಬಳಿ ಚೂರು ಇದ್ದವು. ಕಿಟಕಿ ಗಾಜು ಇಳಿಯೋ ಸಂದ್ಯಾಗಿಂದ ಬಿದ್ದಾವ. ಗಾಡ್ಯಾಗ ಸಿಕ್ಕಿದ್ದು ಏನಿದ್ರೂ ಗಾಡಿಗೇ ವಾಪಸ್ ಇಡಬೇಕು ಅಂತ ನಮ್ಮ ಉಸ್ತಾದರು ಕಲಿಸ್ಯಾರ. ಈಕಿ ನೋಡಿ, ಇವು ಕುಬುಸದ ಬಳಿ, ಬಸುರಿ ಹೆಂಗಸಿನವು, ಕಸಕ್ಕ ಹಾಕಬ್ಯಾಡ್ರಿ ಅಂದ್ಲು. ಗಲಗಲ ಅನ್ನಬಾರದಂತ ಅರಿವ್ಯಾಗ ಕಟ್ಟಿ ಒಳಗ ಇಟ್ಟೀನಿ."

ಅವರೇ ಬಾಗಿಲಿನ ಒಳಗಿನ ಹಲಗೆ ಬಿಚ್ಚಿದರು. ಕೈ ಹಾಕಿ ಹತ್ತಿಯ ಬಟ್ಟೆಯ ಒಂದು ಪುಟ್ಟ ಗಂಟು ತೆಗೆದರು. ನಾಲ್ಕು ಹಸಿರು ಚೂರು, ಒಂದೊಂದೂ ಹೆಬ್ಬೆರಳಿನುದ್ದ, ಮೇಲೆ ಕೆಂಪು ಚುಕ್ಕೆ.

ನಾವು ಮತ್ತೆ ಹೊಸಹಳ್ಳಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹುಲುಗಪ್ಪ ಗಂಟನ್ನು ಮಾಳಮ್ಮನ ಎಡಗೈಯಲ್ಲಿಟ್ಟ. ಅವಳು ಬಿಚ್ಚಿ ಚೂರುಗಳನ್ನು ಮುಟ್ಟಿದಳು. ಒಂದನ್ನು ತನ್ನ ಮುಂಗೈಗೆ ಹಿಡಿದು ಅದರ ಬಾಗು ನೋಡಿದಳು. ಚುಕ್ಕೆಗಳನ್ನು ಉಗುರಿನಿಂದ ತಡವಿದಳು. "ಮೂರು ಮೂರು ಚುಕ್ಕಿದು," ಅಂದಳು. "ನಾನ ಆರಿಸಿದ್ದು."

ಎದ್ದಳು. ಕಾರನ್ನು ಸವರುತ್ತ ಸವರುತ್ತ ಎಡಗಡೆಯ ಹಿಂದಿನ ಬಾಗಿಲಿಗೆ ಬಂದಳು. ಕಿಟಕಿಯಂಚಿನಿಂದ ನಾಲ್ಕು ಬೆರಳು ಅಳೆದಳು. ಬಳೆಯ ಚೂರನ್ನು ಅಲ್ಲಿಟ್ಟು ಒತ್ತಿ ಕೆಳಗೆ ಎಳೆದಳು. ಆ ಕರಕರ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಪಕ್ಕೀರಮ್ಮನ ಬೋರಮಾಳ, ಸಾಬರ ಇಪ್ಪತ್ತು ದಿನ, ನಾಡಿದ್ದಿನ ಬಾಗಳಿಯ ಮದುವೆ, ಎಲ್ಲ ಆ ಬಾಗಿಲಿನ ಮೇಲಿತ್ತು. ನಾನು ತಡೆಯಲು ಒಂದು ಹೆಜ್ಜೆ ಮುಂದಿಟ್ಟೆ. ಹುಲುಗಪ್ಪ ಕೈಯಡ್ಡ ಹಿಡಿದು ನನ್ನನ್ನು ನಿಲ್ಲಿಸಿದ. ಬಾಗಿಲು ಜೋರಾಗಿ ಹಾಕಿದರೆ ಊರು ಒಂದು ಮಾಡುವವನು, ಅದು ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದು ಮಂಡಿಯೂರಿ ಕೂತ.

ಅವಳು ಒಂದು ಗೀರು ಎಳೆದು, ಬೆರಳಿಂದ ನೋಡಿ, ಇನ್ನೊಂದು ಎಳೆದಳು. ಆರು ಆದವು.

"ಏಳನೇದು ಉದ್ದ ಇತ್ತು," ಅಂದಳು. "ಎಲ್ಲಿತನಕ ಇತ್ತು, ಮರತೆ."

ಹುಲುಗಪ್ಪನಿಗೆ ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಆ ಬಾಗಿಲು ಒರೆಸಿದವನು ಅವನು. ಅವಳ ಮುಂಗೈ ಹಿಡಿದು ಜಾಗಕ್ಕೆ ತಂದ. "ಇಲ್ಲಿಂದ ಎಳಿಯವ್ವ, ಹಿಡಿಕಿ ತನಕ," ಅಂದ. ಇಬ್ಬರೂ ಸೇರಿ ಎಳೆದರು. ಕೆನೆಬಣ್ಣ ಸೀಳಿ, ಲಪ್ಪ ಸೀಳಿ, ಗಾಜು ತಗಡಿಗೆ ಮುಟ್ಟಿತು. ಮಾಳಮ್ಮ ಅಂಗೈಯನ್ನು ಏಳರ ಮೇಲೂ ಒಮ್ಮೆ ಆಡಿಸಿ, ಹಣೆಯನ್ನು ಅಲ್ಲೇ ಒತ್ತಿಕೊಂಡು ನಿಂತಳು.

ಬಾಗಳಿಯವರಿಗೆ ಹುಲುಗಪ್ಪ ತಾನೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು ಮುಂಗಡ ವಾಪಸ್ಸು ಪಡೆದರು. ಹಡಗಲಿಯವರೂ ಪಡೆದರು. ಆಮೇಲೆ ಮತ್ತೆ ಪ್ರತಿ ಸಂತೆಗೂ ಮಾಳಮ್ಮ ಬಂದಳು. ಕಾರು ಮತ್ತೆ ನಿಂತೇ ಇತ್ತು. ಅದು ಒಂದು ಮಳೆಗಾಲ ತಡೆಯಿತು, ಇನ್ನೊಂದು ತಡೆಯಲಿಲ್ಲ. ಎಂಬತ್ತಮೂರರ ಶ್ರಾವಣದಲ್ಲಿ ಹುಲುಗಪ್ಪ ಅದನ್ನು ಹೊಸಪೇಟೆಯ ಗುಜರಿಗೆ ಕೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅದಿರಿನ ಲಾರಿ ಹತ್ತಿದ. ನಾನು ಆಡಿದ ಸುಳ್ಳು ಅಕ್ಷರಶಃ ನಿಜವಾಯಿತು. ನಾಲ್ಕು ವರ್ಷ ಓಡಿಸಿ ಹಾಸಿಗೆ ಹಿಡಿದ. ಈಗಲೂ ವಾರಕ್ಕೊಮ್ಮೆ ಹೋಗಿ ಅವನ ಹತ್ತಿರ ಕೂರುತ್ತೇನೆ. ಕಾರಿನ ಮಾತು ಆಡುವುದಿಲ್ಲ.

ಗುಜರಿಯವನು ತಕ್ಕಡಿಯ ಹತ್ತಿರ ನಿಂತು, ಮೂರೇ ಬಾಗಿಲು ಯಾಕೆ, ಇನ್ನೊಂದು ಎಲ್ಲಿ ಎಂದು ಅವನನ್ನು ಕೇಳಿದ್ದನಂತೆ. ಆ ಬಾಗಿಲನ್ನು ಹಿಂದಿನ ದಿನವೇ ನಾವಿಬ್ಬರೂ ಬಿಚ್ಚಿ, ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ಹೊಸಹಳ್ಳಿಯ ಮನೆಯಲ್ಲಿ ಗೋಡೆಗೆ ಒರಗಿಸಿ ಬಂದಿದ್ದೆವು. ಕೂತಲ್ಲಿಂದಲೇ ಮಾಳಮ್ಮನ ಕೈಗೆ ಎಟುಕುವಂತೆ ಇಟ್ಟಿದ್ದೆವು.